ಕೀವು ಕಂಡ ಮೇಲೂ ಕಾಯುವುದು: ಮೇದೋಜೀರಕದ ಸೋಂಕು ಮತ್ತು ಚಿಕಿತ್ಸೆಯ ಹೊತ್ತು



ಐಸಿಯು ಬಾಗಿಲಲ್ಲಿ ನಿಂತ ಮನೆಯವರು ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಬೇಕೆಂದು ಇವತ್ತು ಬಂದಿದ್ದೇನೆ. "ಒಳಗ ಕೀವು ಆಗೇತಿ ಅಂತ ನೀವ ಹೇಳ್ತೀರಿ. ಮತ್ತ ಯಾಕ ತಗಿಯವಲ್ರಿ ಡಾಕ್ಟ್ರೇ?" ಇದಕ್ಕಿಂತ ನ್ಯಾಯವಾದ ಪ್ರಶ್ನೆ ಇನ್ನೊಂದಿಲ್ಲ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ಕೊಯ್ದು ತೆಗೆಯುತ್ತಾರೆ, ಅಪೆಂಡಿಕ್ಸ್ ಒಡೆದರೆ ರಾತ್ರೋರಾತ್ರಿ ಆಪರೇಷನ್ ಆಗುತ್ತದೆ. ಕೀವು ಎಲ್ಲಿದ್ದರೂ ಹೊರಗೆ ಬಿಡು ಎಂಬುದು ಶಸ್ತ್ರವೈದ್ಯದ ಅತ್ಯಂತ ಹಳೆಯ ವಿಧಿ. ಆ ವಿಧಿ ಮೇದೋಜೀರಕ ಗ್ರಂಥಿಯ ಹತ್ತಿರ ಬಂದಾಗ ಯಾಕೆ ತಡೆಯಬೇಕಾಗುತ್ತದೆ ಎಂಬುದನ್ನು ಅರಿಯಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹೆಂಡತಿಗೋ ಮಗನಿಗೋ ಅದನ್ನು ಆಸ್ಪತ್ರೆಯ ವರಾಂಡದಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುತ್ತೇವೆ. ಅವರಿಗೆ ಅರ್ಥವಾಗದಿದ್ದರೆ ತಪ್ಪು ಅವರದಲ್ಲ.

ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ, ಸುಮಾರು ಒಂದು ಗೇಣು ಉದ್ದಕ್ಕೆ ಮಲಗಿರುವ ಗ್ರಂಥಿ ಇದು. ಡಾಕ್ಟರುಗಳ ಬಾಯಲ್ಲಿ ಪ್ಯಾಂಕ್ರಿಯಾಸ್. ಊಟದ ಕೊಬ್ಬು, ಮಾಂಸ, ಹಿಟ್ಟು ಎಲ್ಲವನ್ನೂ ಕರಗಿಸುವ ರಸ ಇಲ್ಲಿ ತಯಾರಾಗುತ್ತದೆ, ಇನ್ಸುಲಿನ್ನೂ ಇಲ್ಲೇ ಹುಟ್ಟುತ್ತದೆ. ಆ ರಸ ಕರುಳಿಗೆ ಇಳಿದ ಮೇಲೆ ಚುರುಕಾಗಬೇಕು. ಪಿತ್ತಕೋಶದ ಸಣ್ಣ ಕಲ್ಲೊಂದು ಜಾರಿ ಬಂದು ನಾಳದ ಬಾಯಿಗೆ ಸಿಕ್ಕಿಕೊಂಡರೆ, ಅಥವಾ ವರ್ಷಗಟ್ಟಲೆ ಕುಡಿತದಿಂದ ಗ್ರಂಥಿ ಕೆಟ್ಟಿದ್ದರೆ, ರಸ ಗ್ರಂಥಿಯೊಳಗೇ ಚುರುಕಾಗಿ ಗ್ರಂಥಿಯನ್ನೇ ಸುಡತೊಡಗುತ್ತದೆ. ಹೆಚ್ಚಿನವರಲ್ಲಿ ಕಾರಣ ಈ ಎರಡೇ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಸಾವಿರ ದಾಟಿದವರಿಗೂ ಈ ಕಾಯಿಲೆ ಬರಬಹುದು. ಆದೋನಿಯ ಸುತ್ತಲಿನ ಇದು ಹತ್ತಿಯ ಸೀಮೆ, ಆದ್ದರಿಂದ ಇನ್ನೊಂದನ್ನೂ ಹೇಳಲೇಬೇಕು. ಹತ್ತಿಗೆ ಹೊಡೆಯುವ ಆರ್ಗನೋಫಾಸ್ಫೇಟ್ ಜಾತಿಯ ಔಷಧಿ ಒಳಗೆ ಹೋದವರಲ್ಲಿಯೂ ಈ ಗ್ರಂಥಿ ಊದಿಕೊಳ್ಳುವುದುಂಟು. ವಿಷದ ಚಿಕಿತ್ಸೆಯ ಗಡಿಬಿಡಿಯಲ್ಲಿ ಅವರ ಹೊಟ್ಟೆನೋವಿನ ಕಡೆ ಗಮನ ಹರಿಯುವುದು ಕಡಿಮೆ.

ನೂರು ಜನಕ್ಕೆ ಈ ಉರಿಯೂತ ಬಂದರೆ ಸುಮಾರು ಎಂಬತ್ತು ಮಂದಿ ಒಂದು ವಾರದೊಳಗೆ ಗುಣವಾಗಿ ಮನೆಗೆ ನಡೆದು ಹೋಗುತ್ತಾರೆ. ನನ್ನ ಮಾತು ಉಳಿದವರ ಬಗ್ಗೆ. ಅವರಲ್ಲಿ ಗ್ರಂಥಿಯ ಒಂದಿಷ್ಟು ಭಾಗವೂ ಸುತ್ತಲಿನ ಕೊಬ್ಬೂ ರಕ್ತವಿಲ್ಲದೆ ಸಾಯುತ್ತವೆ. ಸತ್ತ ಭಾಗ ಅಲ್ಲೇ ಉಳಿಯುತ್ತದೆ. ಇವರಲ್ಲಿ ಕೆಲವರಿಗೆ ಎರಡನೆಯ ವಾರ ಕಳೆಯುವ ಹೊತ್ತಿಗೆ, ಇಲ್ಲವೇ ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ, ಕರುಳಿನ ಬ್ಯಾಕ್ಟೀರಿಯಾ ಗೋಡೆ ದಾಟಿ ಅದರೊಳಗೆ ಸೇರುತ್ತವೆ. ಇಳಿದಿದ್ದ ಜ್ವರ ಮತ್ತೆ ಏರುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಹಲವರಲ್ಲಿ ಸತ್ತ ಜಾಗದ ನಡುವೆ ಗಾಳಿಯ ಗುಳ್ಳೆಗಳು ಕಾಣುತ್ತವೆ. ಸೋಂಕು ತಗಲಿದೆ ಎನ್ನಲು ಅಷ್ಟು ಸಾಕು.

ಆದ್ದರಿಂದ ಈ ರೋಗಿ ಎರಡು ಬಾರಿ ಸಾವಿನ ಹತ್ತಿರ ಹೋಗುತ್ತಾನೆ. ಮೊದಲ ವಾರದಲ್ಲಿ ಸೋಂಕು ಇನ್ನೂ ಇರುವುದಿಲ್ಲ, ಉರಿಯೂತದ ಹೊಡೆತಕ್ಕೇ ಉಸಿರು, ಮೂತ್ರಪಿಂಡ, ರಕ್ತದೊತ್ತಡ ಕುಸಿಯುತ್ತವೆ. ಈ ಕುಸಿತ 48 ಗಂಟೆ ದಾಟಿಯೂ ಉಳಿದರೆ ಮಾತ್ರ ರೋಗವನ್ನು ತೀವ್ರ ಎಂದು ಕರೆಯಬೇಕೆಂದು 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣ ನಿರ್ಧರಿಸಿತು. ಎರಡನೆಯ ಗಂಡಾಂತರ ಸೋಂಕಿನದು, ಅದು ವಾರಗಳ ಮೇಲೆ ಬರುವುದು. ಮೊದಲನೆಯದರಲ್ಲಿ ಗಂಟೆ ಗಂಟೆಗೂ ಬೆಲೆಯಿದೆ. ಎರಡನೆಯದರಲ್ಲಿ ಆತುರವೇ ಕೊಲ್ಲಬಹುದು. ತಾಳಿದವನು ಬಾಳಿಯಾನು ಎಂದು ನಾವು ಚಿಕ್ಕಂದಿನಿಂದ ಕೇಳಿದ ಮಾತು ನಾಲ್ಕನೆಯ ವಾರಕ್ಕೆ ಒಪ್ಪುತ್ತದೆ, ಮೊದಲ ರಾತ್ರಿಗೆ ಒಪ್ಪುವುದಿಲ್ಲ. ನಮ್ಮ ಸೀಮೆಯಲ್ಲಿ ಆಗುತ್ತಿರುವುದು ಇದಕ್ಕೆ ತಲೆಕೆಳಗು. ಮೊದಲ ಎರಡು ದಿನ ಮನೆಯಲ್ಲಿ ಕಳೆಯುತ್ತವೆ, ಮೂರನೆಯ ವಾರದಲ್ಲಿ "ಬೇಗ ಆಪರೇಷನ್ ಮಾಡ್ರಿ" ಎಂಬ ಒತ್ತಾಯ ಬರುತ್ತದೆ.

ಮೊದಲ ರಾತ್ರಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಳಗುಂದದ ಕಡೆಯ ಒಬ್ಬ ರೈತನಿಗೆ ಸಂಜೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಹತ್ತಿತು ಎಂದಿಟ್ಟುಕೊಳ್ಳಿ. ಬೆನ್ನಿಗೆ ಇರಿದಂತೆ ಹಾಯುತ್ತದೆ, ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ತುಸು ಸಮಾಧಾನ, ವಾಂತಿ ನಿಲ್ಲುವುದಿಲ್ಲ. ಊರಿನ ಆರ್‌ಎಂಪಿ ಡಾಕ್ಟರು ಗ್ಯಾಸ್ ಎಂದು ಒಂದು ಇಂಜೆಕ್ಷನ್ ಕೊಡುತ್ತಾರೆ. ನೋವು ಒಂದು ಗಂಟೆ ತಗ್ಗಿ ಮತ್ತೆ ಬರುತ್ತದೆ. ಮರುದಿನ ಇನ್ನೊಂದು ಇಂಜೆಕ್ಷನ್, ಒಂದು ಬಾಟಲಿ ಗ್ಲೂಕೋಸ್. ಆರ್‌ಎಂಪಿಗಳನ್ನು ಬೈಯುವುದಕ್ಕೆ ನಾನಿಲ್ಲಿ ನಿಂತಿಲ್ಲ. ಆ ಹೊತ್ತಿನಲ್ಲಿ ಬಾಗಿಲು ತೆರೆಯುವವರು ಅವರೇ. ಅವರಲ್ಲಿ ನನ್ನದೊಂದು ಕೇಳಿಕೆ ಮಾತ್ರ ಇದೆ. ನೋವು ಬೆನ್ನಿಗೆ ಹಾಯುತ್ತಿದ್ದು, ಒಂದು ಇಂಜೆಕ್ಷನ್ನಿಗೆ ನಿಲ್ಲದಿದ್ದರೆ ಎರಡನೆಯದನ್ನು ಕೊಡದೆ ಕಳುಹಿಸಿಬಿಡಿ. ರಕ್ತದಲ್ಲಿ ಲೈಪೇಸ್ ಪರೀಕ್ಷೆ ಆದೋನಿಯಂಥ ಊರಿನ ಲ್ಯಾಬಿನಲ್ಲಿ ಆಗುವಂಥದ್ದು. ಅದು ಮೇಲಿನ ಮಿತಿಯ ಮೂರು ಪಟ್ಟು ದಾಟಿ, ನೋವೂ ಇದೇ ಬಗೆಯದಾದರೆ ರೋಗ ಗೊತ್ತಾದಂತೆಯೇ. ಅದರ ಜೊತೆ ಇಸಿಜಿಯೊಂದನ್ನು ತೆಗೆಯಬೇಕು, ಏಕೆಂದರೆ ಹೃದಯಾಘಾತವೂ ಹೊಟ್ಟೆಯ ಮೇಲ್ಭಾಗದ ನೋವಾಗಿ ಬರುತ್ತದೆ. ಪಿತ್ತದ ಕಲ್ಲಿದೆಯೇ ನೋಡಲು ಅಲ್ಟ್ರಾಸೌಂಡ್ ಸಾಕು. ಸಿಟಿಗೆ ಮೊದಲ ದಿನವೇ ಓಡಬೇಕಾಗಿಲ್ಲ. ಸತ್ತ ಭಾಗ ಎಷ್ಟೆಂದು ಸ್ಪಷ್ಟವಾಗಿ ಕಾಣಲು ಮೂರು ನಾಲ್ಕು ದಿನ ಬೇಕು.

ಡ್ರಿಪ್ ವಿಷಯದಲ್ಲಿ ಇತ್ತೀಚೆಗೆ ನಮ್ಮ ತಿಳಿವಳಿಕೆ ಬದಲಾಗಿದೆ. ಬಾಟಲಿಯ ಮೇಲೆ ಬಾಟಲಿ ಏರಿಸಬೇಕು ಎಂದು ನಮ್ಮ ತಲೆಮಾರಿಗೆ ಕಲಿಸಿದ್ದರು. 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಎಂಬ ಅಧ್ಯಯನದಲ್ಲಿ, ಇನ್ನೂ ತೀವ್ರ ಸ್ಥಿತಿಗೆ ಹೋಗದ 249 ರೋಗಿಗಳಲ್ಲಿ ಕೆಲವರಿಗೆ ಧಾರಾಳವಾಗಿ, ಕೆಲವರಿಗೆ ಮಿತವಾಗಿ ದ್ರವ ಕೊಟ್ಟು ನೋಡಿದರು. ಧಾರಾಳವಾಗಿ ಪಡೆದವರಲ್ಲಿ ಶೇ. 20.5 ಮಂದಿಗೆ ದೇಹದಲ್ಲಿ ದ್ರವ ಹೆಚ್ಚಾಗಿ ತೊಂದರೆಯಾಯಿತು, ಮಿತವಾಗಿ ಪಡೆದವರಲ್ಲಿ ಶೇ. 6.3. ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮಿತ ಎಂದರೆ ರಿಂಗರ್ ಲ್ಯಾಕ್ಟೇಟ್ ದ್ರವ ಕಿಲೋ ತೂಕಕ್ಕೆ ಗಂಟೆಗೆ 1.5 ಮಿ.ಲೀ., ಅಂದರೆ 60 ಕಿಲೋ ತೂಕದವನಿಗೆ ಗಂಟೆಗೆ 90. ದೇಹ ಒಣಗಿದ್ದರೆ ಮೊದಲು 600 ಮಿ.ಲೀ. ಕೊಟ್ಟುಕೊಳ್ಳಬಹುದು. ಇದಕ್ಕೆ ದೊಡ್ಡಾಸ್ಪತ್ರೆ ಬೇಕಾಗಿಲ್ಲ. ಬೇಕಾದದ್ದು ಮೂತ್ರ ಅಳೆದು ಬರೆದಿಡುವ ಒಬ್ಬ ನರ್ಸಮ್ಮ. ಮೊದಲ ದಿನದಿಂದಲೇ ದೊಡ್ಡ ಆ್ಯಂಟಿಬಯೋಟಿಕ್ ಹಾಕುವ ರೂಢಿಯನ್ನಂತೂ ಬಿಡಲೇಬೇಕು. ಸೋಂಕು ಬರುವ ಮೊದಲು ಕೊಟ್ಟ ಔಷಧಿ ಸೋಂಕನ್ನು ತಡೆಯುವುದಿಲ್ಲ. ಮೂರನೆಯ ವಾರದಲ್ಲಿ ನಿಜವಾಗಿ ಬೇಕಾದಾಗ ಅದೇ ಔಷಧಿಗೆ ಬಗ್ಗದ ಕ್ರಿಮಿ, ಅದರ ಹಿಂದೆ ಫಂಗಸ್, ಇವೆರಡನ್ನು ಮಾತ್ರ ಬೆಳೆಸಿಟ್ಟಂತಾಗುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯೋಟಿಕ್ ಕೊಡಬಾರದೇ ಎಂದು ಓದಿಕೊಂಡವರು ಕೇಳುತ್ತಾರೆ. 2008ರಲ್ಲಿ ನೆದರ್‌ಲ್ಯಾಂಡ್ಸ್‌ನವರು 298 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದ್ದರು. ಪ್ರೊಬಯೋಟಿಕ್ ಪಡೆದವರಲ್ಲಿ ಸತ್ತವರು ನೂರಕ್ಕೆ 16, ಪಡೆಯದವರಲ್ಲಿ 6. ಊಟದ ವಿಷಯಕ್ಕೆ ಬಂದರೆ, ರೋಗಿಯನ್ನು ವಾರಗಟ್ಟಲೆ ಉಪವಾಸ ಕೆಡವುವ ಕಾಲ ಹೋಯಿತು. ವಾಂತಿ ನಿಂತು ಹಸಿವಾದರೆ ಬಾಯಿಂದ, ಆಗದಿದ್ದರೆ ಮೂಗಿನ ಕೊಳವೆಯಿಂದ ಕರುಳಿಗೆ ಆಹಾರ ಹೋಗುತ್ತಿರಬೇಕು.

ಇನ್ನು ಎಲ್ಲಿಗೆ ಒಯ್ಯುವುದು? ಇಲ್ಲಿ ವೈದ್ಯಕ್ಕಿಂತ ಭೂಪಟ ಮುಂದೆ ಬರುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಮದುವೆ, ಜಾತ್ರೆ, ಮಾತು, ಕಾಯಿಲೆ ಇವು ಯಾವುವೂ ಆ ಗೆರೆಯನ್ನು ನೋಡಿ ನಡೆಯಲಿಲ್ಲ. ಇವತ್ತಿಗೂ ಆದೋನಿಯ ರೋಗಿಗೆ ದಾರಿ ಮೂರು. ಸುಮಾರು ನೂರು ಕಿಲೋಮೀಟರ್ ದೂರದ ಕರ್ನೂಲು, ಎಪ್ಪತ್ತರ ಆಸುಪಾಸಿನಲ್ಲಿರುವ ಬಳ್ಳಾರಿ ಮತ್ತು ಹೆಚ್ಚು ಕಡಿಮೆ ಅಷ್ಟೇ ದೂರದ ರಾಯಚೂರು. ಕರ್ನೂಲಿನ ಸರ್ಕಾರಿ ಆಸ್ಪತ್ರೆಯ ಬೆನ್ನಿಗೆ 1957ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿದೆ, ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆಯಿದೆ, ರಾಯಚೂರಿನಲ್ಲಿ ರಿಮ್ಸ್. ಹತ್ತಿರದವು ಬಳ್ಳಾರಿ, ರಾಯಚೂರು, ಭಾಷೆ ನಡೆಯುವುದೂ ಅಲ್ಲಿಯೇ. ಆದರೆ 2007ರಲ್ಲಿ ಆರೋಗ್ಯಶ್ರೀ ಎಂದು ಶುರುವಾಗಿ ಈಗ ಎನ್‌ಟಿಆರ್ ವೈದ್ಯ ಸೇವೆ ಎನಿಸಿಕೊಂಡ ಯೋಜನೆಯ ಕಾರ್ಡು ಆಂಧ್ರ ಸರ್ಕಾರದ್ದು. ಯಾವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ ಎಂದು ಮೊದಲೇ ವಿಚಾರಿಸದೆ ಹೊರಟವರು ನಡುದಾರಿಯಲ್ಲಿ ದಿಕ್ಕು ಬದಲಿಸಬೇಕಾಗುತ್ತದೆ. ಮೂರು ಆಸ್ಪತ್ರೆ ಸುತ್ತಿ ನಾಲ್ಕನೆಯದಕ್ಕೆ ಸೇರುವ ಹೊತ್ತಿಗೆ ಬೆಲೆಯುಳ್ಳ ಮೊದಲ ಎರಡು ದಿನ ಮುಗಿದಿರುತ್ತವೆ. ನನ್ನ ಅಭಿಪ್ರಾಯ ಇಷ್ಟು. ಮೊದಲ ಎರಡು ದಿನಕ್ಕೆ ಡ್ರಿಪ್, ಆಮ್ಲಜನಕ, ಮೂತ್ರದ ಲೆಕ್ಕ ಇರುವ ಹತ್ತಿರದ ಆಸ್ಪತ್ರೆ ಸಾಕು. ಉಸಿರು ವೇಗವಾದರೆ, ಮೂತ್ರ ಕಡಿಮೆಯಾದರೆ, ಬಿ.ಪಿ. ಇಳಿದರೆ ತಡಮಾಡದೆ 108 ಕರೆದು ಐಸಿಯು ಇರುವಲ್ಲಿಗೆ ಒಯ್ಯಬೇಕು, ಹೊರಡುವ ಮುನ್ನ ಅಲ್ಲಿಗೆ ಫೋನು ಮಾಡಿರಬೇಕು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ.

ಅಮೆರಿಕದ ಬಾಸ್ಟನ್ನಿನಲ್ಲಿ ರೆಜಿನಾಲ್ಡ್ ಫಿಟ್ಜ್ ಎಂಬ ವೈದ್ಯ 1889ರಲ್ಲಿ ಈ ಕಾಯಿಲೆಯನ್ನು ಮೊದಲ ಬಾರಿಗೆ ಕ್ರಮವಾಗಿ ವರ್ಣಿಸಿದ. ರೋಗದ ಆರಂಭದಲ್ಲೇ ಹೊಟ್ಟೆ ತೆರೆಯುವುದು ಬಹಳ ಅಪಾಯಕರ ಎಂದು ಆಗಲೇ ಬರೆದಿದ್ದ. ಆ ಎಚ್ಚರಿಕೆ ಬಹುಕಾಲ ನಿಲ್ಲಲಿಲ್ಲ. 1925ರಲ್ಲಿ ಇಂಗ್ಲೆಂಡಿನ ಹೆಸರಾಂತ ಸರ್ಜನ್ ಮೊಯ್ನಿಹನ್ ಬೇಗನೆ ಆಪರೇಷನ್ ಮಾಡಬೇಕೆಂದು ವಾದಿಸಿದರು. ಅವರನ್ನು ದೂರುವಂತಿಲ್ಲ. ರಕ್ತಪರೀಕ್ಷೆಯಿಂದ ರೋಗ ಹಿಡಿಯುವ ವಿಧಾನ ಆಗ ರೂಢಿಯಲ್ಲಿರಲಿಲ್ಲ, ಅವರ ಕಣ್ಣಿಗೆ ಬೀಳುತ್ತಿದ್ದವರೆಲ್ಲ ಸಾಯುವ ಸ್ಥಿತಿಯವರು. 1929ರಲ್ಲಿ ರಕ್ತದ ಅಮೈಲೇಸ್ ಪರೀಕ್ಷೆ ಬಳಕೆಗೆ ಬಂದ ಮೇಲೆ ಆಪರೇಷನ್ ಇಲ್ಲದೆ ಗುಣವಾಗುವವರು ಎಷ್ಟೋ ಇದ್ದಾರೆಂದು ತಿಳಿಯಿತು. ಆದರೂ ತೀವ್ರ ರೋಗಿಗಳನ್ನು ಬೇಗ ತೆರೆಯಬೇಕೋ ತಡವಾಗಿಯೋ ಎಂಬ ಜಗಳ ಶತಮಾನದ ಕೊನೆಯವರೆಗೂ ನಡೆಯಿತು. ಮೆಕ್ಸಿಕೋದ ವೈದ್ಯರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಎರಡು ಮೂರು ದಿನದೊಳಗೆ, ಇನ್ನೊಂದು ಗುಂಪಿಗೆ 12 ದಿನ ಕಳೆದ ಮೇಲೆ ಆಪರೇಷನ್ ಮಾಡಿದರು. ಬೇಗ ತೆರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು, ತಡವಾಗಿ ತೆರೆದವರಲ್ಲಿ ನಾಲ್ಕರಲ್ಲಿ ಒಂದರಷ್ಟು. ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು.

ಹೀಗೇಕೆ ಆಗುತ್ತದೆ ಎಂಬುದು ಹತ್ತಿ ಬೆಳೆದವರಿಗೆ ಬೇಗ ತಿಳಿಯುತ್ತದೆ. ಹಸಿರು ಕಾಯಿಯನ್ನು ಸೀಳಿದರೆ ಅರಳೆ ಒದ್ದೆಯಾಗಿ ಬೀಜಕ್ಕೂ ಸಿಪ್ಪೆಗೂ ಅಂಟಿರುತ್ತದೆ, ಎಳೆದರೆ ಕಾಯಿಯೇ ಹರಿದು ಬರುತ್ತದೆ. ಕಾಯಿ ತಾನಾಗಿ ಒಡೆದ ಮೇಲೆ ಬೆರಳು ತಗುಲಿಸಿದರೆ ಹತ್ತಿ ಬಿಟ್ಟುಕೊಂಡು ಬರುತ್ತದೆ. ಮೊದಲ ವಾರಗಳಲ್ಲಿ ಗ್ರಂಥಿಯ ಸತ್ತ ಭಾಗ ಬದುಕಿರುವ ಭಾಗಕ್ಕೆ ಹೀಗೆಯೇ ಅಂಟಿಕೊಂಡಿರುತ್ತದೆ. ಪಕ್ಕದಲ್ಲೇ ಗುಲ್ಮದ ರಕ್ತನಾಳಗಳು, ದೊಡ್ಡ ಕರುಳು. ಕೈ ಹಾಕಿದರೆ ರಕ್ತ ನಿಲ್ಲುವುದಿಲ್ಲ. ಸುಮಾರು ನಾಲ್ಕು ವಾರ ಕಳೆದಾಗ ದೇಹ ತಾನೇ ಅದರ ಸುತ್ತ ದಪ್ಪ ಗೋಡೆ ಕಟ್ಟಿ ಸತ್ತದ್ದನ್ನು ಬೇರ್ಪಡಿಸುತ್ತದೆ, ಅದರ ಬಹುಪಾಲು ದ್ರವವಾಗುತ್ತದೆ. ಆಗ ಅದನ್ನು ಹೊರಗೆ ಬಿಡುವುದು ಬೇರೆಯೇ ಕೆಲಸ.

2010ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಪ್ಯಾಂಟರ್ ಎಂಬ ಅಧ್ಯಯನ ಬಂತು. 88 ರೋಗಿಗಳಲ್ಲಿ ಅರ್ಧ ಮಂದಿಗೆ ಹೊಟ್ಟೆ ಪೂರ್ತಿ ತೆರೆದು ಸತ್ತ ಭಾಗ ತೆಗೆದರು. ಉಳಿದವರಿಗೆ ಮೊದಲು ಎಡಪಕ್ಕೆಯಿಂದ ಪೈಪ್ ಹಾಕಿ, ಸಾಲದಿದ್ದರೆ ಇನ್ನೊಂದು, ಅದೂ ಸಾಲದಿದ್ದರೆ ಮಾತ್ರ ಸಣ್ಣ ಗಾಯದ ಆಪರೇಷನ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋದರು. ದೊಡ್ಡ ತೊಡಕು ಅಥವಾ ಸಾವು ಮೊದಲ ಗುಂಪಿನಲ್ಲಿ ಶೇ. 69, ಎರಡನೆಯದರಲ್ಲಿ ಶೇ. 40. ಮೆಟ್ಟಿಲ ದಾರಿಯವರಲ್ಲಿ ಶೇ. 35 ಮಂದಿಗೆ ಪೈಪ್ ಒಂದರಿಂದಲೇ ಗುಣವಾಯಿತು, ಸತ್ತ ಭಾಗವನ್ನು ತೆಗೆಯುವ ಪ್ರಸಂಗವೇ ಬರಲಿಲ್ಲ. ಮುಂದೆ 2018ರಲ್ಲಿ ಪಕ್ಕೆಯ ದಾರಿಯ ಬದಲು ಜಠರದೊಳಗಿನಿಂದ ಎಂಡೋಸ್ಕೋಪಿಯಲ್ಲಿ ಕೊಳವೆ ಇಡುವುದನ್ನು ಹೋಲಿಸಿದಾಗ, ಸಾವು ಮತ್ತು ದೊಡ್ಡ ತೊಡಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಗ್ರಂಥಿಯ ರಸ ಹೊರಗೆ ಸೋರುವ ತೊಂದರೆ ಕಡಿಮೆಯಾಗಿತ್ತು.

ಪೈಪೇ ಸಾಕಾದರೆ ಅದನ್ನಾದರೂ ಸೋಂಕು ಕಂಡ ದಿನವೇ ಯಾಕೆ ಹಾಕಬಾರದು? ಮನೆಯವರು ಕೇಳುವ ಪ್ರಶ್ನೆಯ ನಿಜವಾದ ರೂಪ ಇದು, ನಾವು ವೈದ್ಯರೂ ಬಹುಕಾಲ ಇದನ್ನೇ ಕೇಳಿಕೊಂಡೆವು. 22 ಡಚ್ ಆಸ್ಪತ್ರೆಗಳು ಸೇರಿ 104 ರೋಗಿಗಳಲ್ಲಿ ನಡೆಸಿದ ಪಾಯಿಂಟರ್ ಅಧ್ಯಯನ 2021ರಲ್ಲಿ ಉತ್ತರ ಕೊಟ್ಟಿತು. 55 ಮಂದಿಗೆ ಸೋಂಕು ಗೊತ್ತಾದ 24 ಗಂಟೆಯೊಳಗೆ ಪೈಪ್ ಹಾಕಿದರು. 49 ಮಂದಿಗೆ ಆ್ಯಂಟಿಬಯೋಟಿಕ್ ಕೊಡುತ್ತಾ ಗೋಡೆ ಕಟ್ಟುವವರೆಗೆ ಕಾದರು. ಒಟ್ಟು ತೊಡಕುಗಳ ಅಳತೆ ಎರಡರಲ್ಲೂ ಬಹುತೇಕ ಒಂದೇ, 57 ಮತ್ತು 58. ಸಾವು ಶೇ. 13 ಮತ್ತು ಶೇ. 10, ಆ ಅಂತರಕ್ಕೆ ಅರ್ಥವಿಲ್ಲ. ಅರ್ಥವಿರುವುದು ಬೇರೆಡೆ. ಆತುರ ಮಾಡಿದ ಗುಂಪಿನಲ್ಲಿ ಒಬ್ಬೊಬ್ಬರಿಗೆ ಸರಾಸರಿ 4.4 ಬಾರಿ ಪೈಪ್ ಅಥವಾ ಶಸ್ತ್ರಚಿಕಿತ್ಸೆ ಬೇಕಾಯಿತು, ಕಾದವರಿಗೆ 2.6 ಬಾರಿ. ಸತ್ತ ಭಾಗವನ್ನು ಕೆರೆದು ತೆಗೆಯಬೇಕಾದದ್ದು ಮೊದಲಿನವರಲ್ಲಿ ಶೇ. 51, ಕಾದವರಲ್ಲಿ ಶೇ. 22. ಕಾದ 49 ಮಂದಿಯಲ್ಲಿ 19 ಜನರಿಗೆ ಪೈಪೇ ಬೇಕಾಗಲಿಲ್ಲ, ಔಷಧಿಯಿಂದಲೇ ಸೋಂಕು ಅಡಗಿತು. ಆ 19 ಮಂದಿಯನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಆತುರಪಟ್ಟಿದ್ದರೆ ಅವರೆಲ್ಲರ ಪಕ್ಕೆಯಲ್ಲೂ ಒಂದೊಂದು ಕೊಳವೆ ಇರುತ್ತಿತ್ತು.

ಆದರೆ ನೆದರ್‌ಲ್ಯಾಂಡ್ಸ್‌ನ ಲೆಕ್ಕವನ್ನು ಎತ್ತಿ ಆದೋನಿಯ ಮೇಲೆ ಇಡಲು ನನಗೆ ಮನಸ್ಸಿಲ್ಲ. ಅಲ್ಲಿನ ರೋಗಿ ಕಾದದ್ದು ಐಸಿಯು ಪಕ್ಕದಲ್ಲಿ, ಯಾವ ರಾತ್ರಿ ಬೇಕಾದರೂ ಪೈಪ್ ಹಾಕಬಲ್ಲ ರೇಡಿಯಾಲಜಿಸ್ಟ್ ಇರುವ ಕಟ್ಟಡದಲ್ಲಿ. ನಮ್ಮ ದೇಶದ ಆಸ್ಪತ್ರೆಗಳ ಕ್ಲೆಬ್ಸಿಯೆಲ್ಲಾ, ಇ. ಕೋಲೈ ಕ್ರಿಮಿಗಳಲ್ಲಿ ಮೆರೊಪೆನೆಮ್ ಮಟ್ಟದ ಔಷಧಿಗೂ ಬಗ್ಗದವು ಬಹಳ. ಔಷಧಿಯ ಮೇಲೆ ಭಾರ ಹಾಕಿ ಕಾಯುವುದು ನಮ್ಮಲ್ಲಿ ಹೆಚ್ಚು ನಾಜೂಕಿನ ಕೆಲಸ. ಜ್ವರ ಬರೀ ಜ್ವರವಾಗಿಯೇ ಇದ್ದು ಬಿ.ಪಿ., ಉಸಿರು, ಮೂತ್ರ ಗಟ್ಟಿಯಾಗಿದ್ದರೆ ಕಾಯಬಹುದು. ಸರಿಯಾದ ಔಷಧಿ ಕೊಟ್ಟು ಎರಡು ಮೂರು ದಿನವಾದರೂ ಅಂಗಗಳು ಕುಸಿಯುತ್ತಲೇ ಹೋದರೆ, ಎರಡನೆಯ ವಾರವಾದರೂ ಸರಿ, ಪೈಪ್ ಹಾಕಲೇಬೇಕು. ಆಗಲೂ ಹಾಕುವುದು ಪೈಪನ್ನು ಮಾತ್ರ, ಕೆರೆದು ತೆಗೆಯುವ ಕೆಲಸವನ್ನು ಸಾಧ್ಯವಾದಷ್ಟು ಮುಂದಕ್ಕೆ ತಳ್ಳಬೇಕು. ಒಳಗೆ ರಕ್ತನಾಳ ಒಡೆದರೆ, ಕರುಳು ತೂತಾದರೆ, ಹೊಟ್ಟೆಯೊಳಗಿನ ಒತ್ತಡ ಏರಿ ಮೂತ್ರ ನಿಂತರೆ ದಿನ ಎಣಿಸುತ್ತಾ ಕೂರುವಂತಿಲ್ಲ. ನಾಲ್ಕು ವಾರ ಎಂಬುದು ಕ್ಯಾಲೆಂಡರಿನ ಗಡುವಲ್ಲ. ಗೋಡೆ ಕಟ್ಟಿದೆಯೇ ಎಂದು ಸ್ಕ್ಯಾನು ಹೇಳಬೇಕು, ತಡೆದುಕೊಳ್ಳುತ್ತಾನೆಯೇ ಎಂದು ರೋಗಿಯ ದೇಹ ಹೇಳಬೇಕು.

ಆದ್ದರಿಂದ ಕಾಯುವ ಆಸ್ಪತ್ರೆ ಮಾಡಬಲ್ಲ ಆಸ್ಪತ್ರೆಯೂ ಆಗಿರಬೇಕು. ಸೋಂಕು ಖಚಿತವಾದ ರೋಗಿಯನ್ನು ಅಂಥ ಕಡೆ ಸೇರಿಸಿಯೇ ಕಾಯಬೇಕು, ಪೈಪ್ ಹಾಕುವವರಿಲ್ಲದ ಕಡೆ ಕಾದರೆ ಅದು ಕೈಬಿಟ್ಟಂತೆ. ಹೈದರಾಬಾದಿನಲ್ಲಿ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯನ್ನು ಕಟ್ಟಿ ಎಂಡೋಸ್ಕೋಪಿ ಚಿಕಿತ್ಸೆಯಲ್ಲಿ ಜಗತ್ತಿನ ಗಮನ ಸೆಳೆದ, 2025ರಲ್ಲಿ ಪದ್ಮವಿಭೂಷಣ ಪಡೆದ ಡಾ. ಡಿ. ನಾಗೇಶ್ವರ ರೆಡ್ಡಿಯವರು ಎಂಬಿಬಿಎಸ್ ಓದಿದ್ದು ಕರ್ನೂಲು ವೈದ್ಯಕೀಯ ಕಾಲೇಜಿನಲ್ಲಿ. ಈ ಜಿಲ್ಲೆಯಲ್ಲಿ ಕಲಿತ ಕೈ ಅಷ್ಟು ದೂರ ಮುಟ್ಟಿದೆ. ಆ ವಿದ್ಯೆ ಈ ಜಿಲ್ಲೆಯ ಪಶ್ಚಿಮ ಮಂಡಲಗಳ ಹತ್ತಿರಕ್ಕೂ ಬರಬೇಕು. ಸ್ಕ್ಯಾನು ನೋಡುತ್ತಾ ಸೂಜಿಯಿಂದ ಪೈಪ್ ಇಡಬಲ್ಲ ಒಬ್ಬ ರೇಡಿಯಾಲಜಿಸ್ಟ್, ಹತ್ತು ಹಾಸಿಗೆಯ ಒಂದು ಒಳ್ಳೆಯ ಐಸಿಯು ಆದೋನಿಯಲ್ಲಿ ಇದ್ದರೆ ಎಷ್ಟೋ ಜನರ ಪ್ರಯಾಣ ಉಳಿಯುತ್ತದೆ.

ಕಾಯುವುದಕ್ಕೆ ದುಡ್ಡೂ ಬೇಕು. ಕೋಸಿಗಿ, ಕೌತಾಳಂ, ಹೊಳಗುಂದದ ಕಡೆ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತದೆ. ಒಬ್ಬ ಮಲಗಿದರೆ ಅವನ ಪಕ್ಕದಲ್ಲಿ ಕೂರುವ ಇನ್ನೊಬ್ಬರ ಕೂಲಿಯೂ ಹೋಯಿತು. "ಎಷ್ಟು ಖರ್ಚಾಗಲಿ, ಆಪರೇಷನ್ ಮಾಡಿ ಮುಗಿಸ್ರಿ" ಎನ್ನುವವರಲ್ಲಿ ಅವಸರಕ್ಕಿಂತ ಹೆಚ್ಚಾಗಿ ಈ ಲೆಕ್ಕ ಇರುತ್ತದೆ. ವೈದ್ಯರು ಅದನ್ನು ತಿಳಿದು ಮಾತಾಡಬೇಕು. ಇವತ್ತು ಯಾಕೆ ಮಾಡುತ್ತಿಲ್ಲ, ಏನಾದರೆ ಇವತ್ತೇ ಮಾಡುತ್ತೇವೆ, ಮುಂದಿನ ಸ್ಕ್ಯಾನು ಯಾವಾಗ, ಈ ಮೂರನ್ನು ಪ್ರತಿದಿನವೂ ಅವರ ಭಾಷೆಯಲ್ಲಿ ಹೇಳಬೇಕು. ಸುಮ್ಮನೆ ಮಲಗಿಸಿದ್ದಾರೆ ಎಂಬ ಅನುಮಾನ ಹುಟ್ಟಿದ ದಿನ ಮನೆಯವರು ರೋಗಿಯನ್ನು ಬೇರೆಡೆ ಒಯ್ಯುತ್ತಾರೆ, ಅಲ್ಲಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಗುಣವಾಗಿ ಮನೆಗೆ ಹೋದವರಿಗೆ ಎರಡು ಮಾತು. ಕಾರಣ ಪಿತ್ತದ ಕಲ್ಲಾಗಿದ್ದರೆ ಪಿತ್ತಕೋಶವನ್ನು ತೆಗೆಸಲೇಬೇಕು. ರೋಗ ಸೌಮ್ಯವಾಗಿದ್ದವರಿಗೆ ಅದೇ ಭರ್ತಿಯಲ್ಲಿ ತೆಗೆಯುವುದು ಒಳ್ಳೆಯದು. 2015ರ ಒಂದು ಡಚ್ ಅಧ್ಯಯನದಲ್ಲಿ ಮುಂದೂಡಿದವರಲ್ಲಿ ಶೇ. 17 ಮಂದಿ ಕಲ್ಲಿನ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದರು ಅಥವಾ ಪ್ರಾಣ ಕಳೆದುಕೊಂಡರು, ಆಗಲೇ ತೆಗೆಸಿಕೊಂಡವರಲ್ಲಿ ಶೇ. 5. ಸತ್ತ ಭಾಗ, ಕೀವು ಆಗಿದ್ದವರು ಮಾತ್ರ ಒಳಗಿನದೆಲ್ಲ ಆರುವವರೆಗೆ ತಡೆಯಬೇಕು. ಕಾರಣ ಕುಡಿತವಾಗಿದ್ದರೆ ಪೂರ್ತಿ ಬಿಡಬೇಕು, ಕಡಿಮೆ ಮಾಡಿದರೆ ಸಾಲದು. ಗ್ರಂಥಿಯ ದೊಡ್ಡ ಭಾಗ ಹೋದವರಿಗೆ ಸಕ್ಕರೆ ಕಾಯಿಲೆ ಬರಬಹುದು, ಊಟ ಜೀರ್ಣವಾಗದೆ ಮಲ ಎಣ್ಣೆಯಂತೆ ಹೋಗಬಹುದು. ಎರಡಕ್ಕೂ ಔಷಧಿಯಿದೆ, ಕೇಳಲು ನಾಚಬೇಕಾಗಿಲ್ಲ.

ಕೊನೆಯದಾಗಿ ಇಲ್ಲಿರುವ ವೈದ್ಯರಲ್ಲಿ, ನರ್ಸಮ್ಮಗಳಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ, ಆರ್‌ಎಂಪಿಗಳಲ್ಲಿ ಒಂದು ಬಿನ್ನಹ. ರೋಗಿಯನ್ನು ಮುಂದಕ್ಕೆ ಕಳುಹಿಸುವ ಚೀಟಿಯಲ್ಲಿ ನಾವು ಭರ್ತಿಯಾದ ತಾರೀಕನ್ನು ಬರೆಯುತ್ತೇವೆ. ಈ ಕಾಯಿಲೆಯಲ್ಲಿ ಮೊದಲ ಎರಡು ದಿನವಾಗಲಿ, ನಾಲ್ಕು ವಾರವಾಗಲಿ ಎಣಿಸುವುದು ನೋವು ಹತ್ತಿದ ಹೊತ್ತಿನಿಂದ. ಮೂರು ಆಸ್ಪತ್ರೆ ದಾಟಿ ಬಂದ ರೋಗಿಯ ಕೈಯಲ್ಲಿ ಮೂರು ಭರ್ತಿ ತಾರೀಕುಗಳಿರುತ್ತವೆ, ನೋವು ಯಾವಾಗ ಶುರುವಾಯಿತೆಂದು ಒಂದರಲ್ಲೂ ಇರುವುದಿಲ್ಲ. ಆಗ 18ನೆಯ ದಿನವೋ 28ನೆಯ ದಿನವೋ ತಿಳಿಯದೆ ನಿರ್ಧಾರ ಮಾಡಬೇಕಾಗುತ್ತದೆ. ತೆಲುಗಿನಲ್ಲಾಗಲಿ, ಕನ್ನಡದಲ್ಲಾಗಲಿ, ಇಂಗ್ಲಿಷಿನಲ್ಲಾಗಲಿ, ಚೀಟಿಯ ಮೊದಲ ಸಾಲಿನಲ್ಲೇ ನೋವು ಶುರುವಾದ ತಾರೀಕು ಮತ್ತು ಗಂಟೆಯನ್ನು ಬರೆಯಿರಿ. ಅದರ ಕೆಳಗೆ ಈವರೆಗೆ ಕೊಟ್ಟ ಆ್ಯಂಟಿಬಯೋಟಿಕ್‌ಗಳ ಹೆಸರು, ಪ್ರತಿಯೊಂದನ್ನು ಶುರುಮಾಡಿದ ದಿನ. ಸ್ಕ್ಯಾನಿನ ವರದಿಯ ಜೊತೆ ಫಿಲ್ಮು ಅಥವಾ ಸಿ.ಡಿ.ಯನ್ನೂ ಕಳುಹಿಸಿ.